ನಕ್ಷತ್ರದ ಫೋಟೋದಲ್ಲಿ ಬಿಳಿ ಗೆರೆ ಬರುತ್ತಿದೆ, ಏನು ಮಾಡಲಿ?

ಹೆಬ್ರಿಯಿಂದ: ಜನವರಿಯಿಂದ ಅಂಗಳದಲ್ಲಿ ಟ್ರೈಪಾಡ್ ಇಟ್ಟು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಫೋಟೋ ತೆಗೆಯುತ್ತಿದ್ದೇನೆ. ಸಂಜೆ ಏಳೂವರೆಗೆ ತೆಗೆದ ಹತ್ತರಲ್ಲಿ ಆರರಲ್ಲಿ ಉದ್ದ ಬಿಳಿ ಗೆರೆ. ಇಂಟರ್ನೆಟ್ ಉಪಗ್ರಹಗಳದ್ದು ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಮಣಿಪಾಲದಿಂದ: ಅಕ್ಕ, ಮೊದಲು ಗೆರೆಯನ್ನು ದೊಡ್ಡದು ಮಾಡಿ ನೋಡಿ. ನಡುನಡುವೆ ಚುಕ್ಕೆ ಇದ್ದರೆ ಅದು ಬಜ್ಪೆಗೆ ಇಳಿಯುವ ವಿಮಾನ, ಒಂದೇ ಸಮ ಇದ್ದರೆ ಉಪಗ್ರಹ. ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನವು 500 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಸುತ್ತುತ್ತವೆ, ನಮಗೆ ಕತ್ತಲಾದರೂ ಅಷ್ಟು ಮೇಲೆ ಇನ್ನೂ ಬಿಸಿಲು ಇರುತ್ತದೆ ಅಲ್ವಾ, ಆ ಬಿಸಿಲಿಗೆ ಹೊಳೆಯುತ್ತವೆ. ಸೂರ್ಯ ಮುಳುಗಿ ಎರಡು ಗಂಟೆ ಕಳೆದರೆ ನೆತ್ತಿಯ ಮೇಲಿನವು ಭೂಮಿಯ ನೆರಳಿಗೆ ಸೇರಿಬಿಡುತ್ತವೆ. ನಾನು ರಾತ್ರಿ 9 ಆದ ಮೇಲೆಯೇ ಶುರು ಮಾಡುವುದು, ಬೆಳಗಿನ ಜಾವ 4ಕ್ಕೆ ನಿಲ್ಲಿಸುವುದು.

ಒಂದೇ ಉದ್ದ ಎಕ್ಸ್‌ಪೋಷರ್ ಬೇಡ. 15 ಸೆಕೆಂಡಿನ 40 ಫೋಟೋ ತೆಗೆದು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಸೇರಿಸಿ, ಎರಡೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಅದರಲ್ಲಿ ಸಿಗ್ಮಾ ಕ್ಲಿಪಿಂಗ್ (ಉಳಿದ ಫೋಟೋಗಳಿಗೆ ಹೊಂದದ್ದನ್ನು ಬಿಟ್ಟುಬಿಡುವ ಆಯ್ಕೆ) ಹಾಕಿದರೆ ಒಂದೆರಡರಲ್ಲಿ ಮಾತ್ರ ಇರುವ ಗೆರೆ ತಾನಾಗಿ ಹೋಗುತ್ತದೆ. ಗೆರೆ ಬಂದದ್ದನ್ನು ಅಳಿಸಬೇಡಿ ಮಾರಾಯ್ರೆ, ನಾನು ಮೊದಲ ವರ್ಷ ಸುಮ್ನೆ ಎಲ್ಲ ಅಳಿಸಿದೆ, ಈಗಲೂ ಬೇಜಾರಿದೆ.

ನಮ್ಮದು ಹೀಗೆ ಸರಿಯಾಗುತ್ತದೆ. ಆದರೆ ಸೂರ್ಯನ ಪಕ್ಕದ ದಿಕ್ಕಿನಿಂದ ಬರುವ ಕ್ಷುದ್ರಗ್ರಹಗಳನ್ನು ಹುಡುಕುವವರು ಮುಸ್ಸಂಜೆ, ನಸುಕಿನಲ್ಲೇ ನೋಡಬೇಕು. ಗೆರೆಗಳು ಜಾಸ್ತಿ ಇರುವುದೂ ಆಗಲೇ. ಅವರು 9 ಗಂಟೆವರೆಗೆ ಕಾಯುವ ಹಾಗಿಲ್ಲ. ನನಗೆ ಚಿಂತೆ ಇರುವುದು ಅದರದ್ದೇ.

ಮಲ್ಪೆಯಿಂದ: ನಾನು ಹಡಗಿನಲ್ಲಿ ಕೆಲಸ ಮಾಡುವವನು. ಮೊದಲು ನಮ್ಮ ಫೋನು 35,786 ಕಿ.ಮೀ. ಮೇಲಿನ ಉಪಗ್ರಹಕ್ಕೆ ಹೋಗಿ ಬರಬೇಕಿತ್ತು. ಅಮ್ಮ "ಊಟ ಆಯ್ತಾ ಮಗಾ" ಅಂತ ಕೇಳಿ, ನನ್ನ ಉತ್ತರ ತಲುಪುವ ಮೊದಲೇ ಮತ್ತೆ ಕೇಳುತ್ತಿದ್ದರು. ಈಗ ಹಡಗಿನ ಮೇಲೆ ಸ್ಟಾರ್‌ಲಿಂಕ್‌ನ ಚಪ್ಪಟೆ ಆಂಟೆನಾ ಬಂದಿದೆ, ಮಗಳ ಮುಖ ನೋಡಿಕೊಂಡು ಮಾತಾಡುತ್ತೇನೆ. ಇದು ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಆದರೆ ನಡುಸಮುದ್ರದಲ್ಲಿ ಡೆಕ್ ಮೇಲೆ ನಿಂತರೆ ನಕ್ಷತ್ರಗಳ ನಡುವೆ ಓಡುವ ಚುಕ್ಕೆಗಳು ಲೆಕ್ಕಕ್ಕೆ ಸಿಗುವುದಿಲ್ಲ, ನೋಡಿ ಸಂಕಟವಾಗುತ್ತದೆ. 2020ರಲ್ಲಿ ಸ್ಟಾರ್‌ಲಿಂಕ್‌ನವರು ಒಂದು ಉಪಗ್ರಹಕ್ಕೆ ಕಪ್ಪು ಲೇಪ ಕೊಟ್ಟು ನೋಡಿದರು, ಬಿಸಿ ಜಾಸ್ತಿಯಾಗುತ್ತದೆ ಅಂತ ಬಿಟ್ಟು ಬೇರೆ ದಾರಿ ಹಿಡಿದರು. ಇನ್ನೂ ಮಂಕು ಮಾಡಿ ಅಂತ ನಾವು ಬಳಸುವವರೇ ಕೇಳಬೇಕು.

ಹೆಬ್ರಿಯಿಂದ: ನಿನ್ನೆ ಒಂಬತ್ತೂವರೆಗೆ ಶುರು ಮಾಡಿದೆ. 40ರಲ್ಲಿ ಎರಡರಲ್ಲೇ ಗೆರೆ, ಸೇರಿಸಿದ ಮೇಲೆ ಅದೂ ಇಲ್ಲ! ಹನ್ನೊಂದರ ನಂತರ ಇಬ್ಬನಿಗೆ ಲೆನ್ಸ್ ಒದ್ದೆಯಾಯಿತು. ಅದಕ್ಕೆ ನೀವೆಲ್ಲ ಏನು ಮಾಡುತ್ತೀರಿ?