ಸಹಾಯ ಬೇಕು: ಅಕ್ಟೋಬರ್ ಕೊನೆಯಲ್ಲಿ ಮ್ಯೂನಿಕ್‌ನಿಂದ ಇಟಲಿಯ ಕಡಲತೀರಕ್ಕೆ ಕಾರಿನಲ್ಲಿ

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಇಲ್ಲಿನ ಚಳಿ ಅಮ್ಮನಿಗೆ ಆಗ್ತಿಲ್ಲ, ಅದಕ್ಕೇ ಅಕ್ಟೋಬರ್ 22ಕ್ಕೆ ಹೊರಟು ಇಟಲಿಯ ಲಿಗೂರಿಯಾ ಕರಾವಳಿ ಕಡೆ, ಲೆವಾಂತೋ ಊರಿನ ಸುತ್ತಮುತ್ತ, ಹತ್ತು ದಿನ ಆರಾಮಾಗಿ ಇದ್ದು ಬರೋಣ ಅಂತಿದ್ದೀವಿ. ಅಪ್ಪನಿಗೆ ಮಂಡಿ ನೋವು, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕೂರೋಕಾಗಲ್ಲ. ಹೋಗ್ತಾ ಬರ್ತಾ ಒಂದೊಂದು ರಾತ್ರಿ ನಡುವೆ ತಂಗ್ತೀವಿ.

ಎರಡು ದಾರಿ ನೋಡಿದೆ. ಬ್ರೆನ್ನರ್ ಪಾಸ್ (ಆಲ್ಪ್ಸ್ ಬೆಟ್ಟ ದಾಟೋ ಕಣಿವೆದಾರಿ) ಮೇಲೆ ಹೋದರೆ ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಬಳಸೋಕೆ ಮೊದಲೇ ಕೊಳ್ಳೋ ಶುಲ್ಕದ ಚೀಟಿ) ಜೊತೆಗೆ ಪಾಸ್‌ಗೆ ಬೇರೆ ಟೋಲ್. ಆಸ್ಟ್ರಿಯಾದ ಬ್ರೆಗೆಂಝ್, ಸ್ವಿಟ್ಜರ್ಲೆಂಡಿನ ಸಾನ್ ಬರ್ನಾರ್ಡಿನೋ ಸುರಂಗದ ದಾರಿಯಾದರೆ ಸ್ವಿಸ್ ವಿನ್ಯೆಟ್ 40 ಫ್ರಾಂಕ್, ವರ್ಷದ್ದೇ ತಗೋಬೇಕು. ದುಡ್ಡಿನ ಲೆಕ್ಕ ಹೇಗೋ ಆಗುತ್ತೆ.

ತಲೆ ಕೆಟ್ಟಿರೋದು ಟೈರ್ ವಿಷಯಕ್ಕೆ. ಕಾರಲ್ಲಿ ಈಗ ಬೇಸಿಗೆ ಟೈರ್ ಇದೆ. ವಾಪಸ್ ಬರೋದು ನವೆಂಬರ್ 2ಕ್ಕೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಗ್ಯಾರೇಜಿನವರು ಈಗಲೇ ಬದಲಾಯಿಸಿ ಅಂತಾರೆ, ಸ್ನೇಹಿತರು ಬಿಸಿಲಿನ ಊರಿಗೆ ಯಾಕೆ ಅಂತಾರೆ. ಅಪ್ಪ ಅಮ್ಮ ಜೊತೆಗಿರುವಾಗ ಬೆಟ್ಟದ ಮೇಲೆ ಸಿಕ್ಕಿಹಾಕಿಕೊಳ್ಳೋ ಧೈರ್ಯ ನನಗಿಲ್ಲ.

ನವೆಂಬರ್ ಮೊದಲ ವಾರ ಈ ದಾರಿಗಳಲ್ಲಿ ಓಡಿಸಿದವರು ದಯವಿಟ್ಟು ಹೇಳಿ: ಹೊರಡೋ ಮೊದಲೇ ಟೈರ್ ಬದಲಾಯಿಸಲಾ? ವಾಪಸ್ ಬರೋಕೆ ಎರಡರಲ್ಲಿ ಯಾವ ದಾರಿ ವಾಸಿ?