ಪಕ್ಕದ ತಾಲೂಕಿನಲ್ಲೇ ಮಾರವಾಡಿ ಕುದುರೆ ಇದೆ, ಶೋಗೆ ಅಂತ ಕೊಳ್ಳಬಹುದಾ?

ಗೋಕಾಕ_ಸವಾರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗಾಡಿ ಓಟದ ಕುದುರೆಗಳಿವೆ, ಆದರೆ ಶೋಗೆ, ಅಂದರೆ ಕುದುರೆಗಳ ಅಂದಚೆಂದದ ಸ್ಪರ್ಧೆಗೆ ಅಂತ ಕುದುರೆ ಕಟ್ಟುತ್ತಿರುವುದು ಇದೇ ಮೊದಲು. ಪಕ್ಕದ ತಾಲೂಕಿನಲ್ಲಿ ಒಬ್ಬರ ಹತ್ತಿರ ರಾಜಸ್ಥಾನದ ಮಾರವಾಡಿ ತಳಿಯ ಕಪ್ಪು ಹೆಣ್ಣುಮರಿ ಇದೆ. ಕಿವಿ ನಿಮಿರಿಸಿದರೆ ಎರಡೂ ತುದಿ ಒಂದಕ್ಕೊಂದು ತಾಗುತ್ತವೆ. ನೋಡಿ ಬಂದ ದಿನದಿಂದ ನನಗೆ ಅದರದ್ದೇ ಧ್ಯಾನ. ಇನ್ನೂ ಹಾಲುಹಲ್ಲು ಅಂತಾರೆ. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಗೆ ಒಯ್ಯುವ ಆಸೆ ಇದೆ. "ಈಗ ಅರ್ಧ ದುಡ್ಡು ಕೊಡಿ, ಪಾಸ್‌ಪೋರ್ಟ್ ಆಮೇಲೆ ಮಾಡಿಸೋಣ" ಅನ್ನುತ್ತಿದ್ದಾರೆ (ಕುದುರೆಯ ತಳಿ, ಗುರುತು ಬರೆದ ಪುಸ್ತಕ). ಅಪ್ಪ ಮೈಮೇಲಿನ ಕೂದಲ ಸುಳಿ ನೋಡಿ ಒಪ್ಪಿಬಿಟ್ಟಿದ್ದಾರೆ. ಇನ್ನೇನು ನೋಡಬೇಕು?

ಲಾಳ_ಲಗಾಮು:
ತಮ್ಮಾ, ಸುಳಿ ನೋಡಿದ್ದು ಸರಿ, ನಾನೂ ನೋಡುತ್ತೇನೆ. ಆದರೆ ಸುಳಿಗಿಂತ ಮೊದಲು ಬಾಯಿ ಬಿಡಿಸಿ ನೋಡು. ಸುಮಾರು ಎರಡೂವರೆ ವರ್ಷಕ್ಕೆ ಮುಂದಿನ ನಡುವಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತವೆ, ಮೂರೂವರೆಗೆ ಅದರ ಪಕ್ಕದವು, ಐದರ ಹೊತ್ತಿಗೆ ಬಾಯಿಗೂಡುತ್ತದೆ, ಅಂದರೆ ಮುಂದಿನ ಹಲ್ಲೆಲ್ಲ ದೊಡ್ಡವಾಗುತ್ತವೆ. ಹಾಲುಹಲ್ಲು ಬೆಳ್ಳಗೆ ಚಿಕ್ಕದಾಗಿದ್ದು ಒಸಡಿನ ಹತ್ತಿರ ಸಣ್ಣಗಾಗಿರುತ್ತದೆ, ದೊಡ್ಡ ಹಲ್ಲು ಅಗಲ, ಸ್ವಲ್ಪ ಹಳದಿ. ಶೋನಲ್ಲಿ ಹಾಲುಹಲ್ಲಿನವಕ್ಕೆ ಬೇರೆ ಗುಂಪು, ಎರಡು ಹಲ್ಲಿನವಕ್ಕೆ ಬೇರೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಎತ್ತರ ಅವರು ಹೇಳಿದ್ದನ್ನು ನಂಬಬೇಡ. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬಿನವರೆಗೆ ನೀನೇ ಅಳೆ. ಗೊರಸು ಬೆಳೆಯೋಕೆ ಬಿಟ್ಟು ಎತ್ತರ ತೋರಿಸುವವರೂ ಇದ್ದಾರೆ. ಮೈ ಮೇಲಿನ ಬಿಳಿ ಕೂದಲಿಗೆ ಬಣ್ಣ ಹಚ್ಚುವುದೂ ಉಂಟು, ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡು.

ಪಾಸ್‌ಪೋರ್ಟ್ ಇಲ್ಲದೆ ಮಾರವಾಡಿ ಅನ್ನೋದು ಬರೀ ಬಾಯಿಮಾತು. ಅದರಲ್ಲಿ ಕುದುರೆಯ ಚಿತ್ರದ ಮೇಲೆ ಸುಳಿ, ಬಿಳಿ ಗುರುತು ಎಲ್ಲ ಗುರುತಿಸಿರುತ್ತಾರೆ, ತಂದೆ ತಾಯಿ ಯಾವುದು ಅಂತ ಬರೆದಿರುತ್ತಾರೆ. ಕಿವಿ ಬಾಗಿದ ಮಾತ್ರಕ್ಕೆ ಆಗಲ್ಲ, ಗುಜರಾತಿನ ಕಾಠಿಯಾವಾಡಿ ಕುದುರೆಗೂ ಕಿವಿ ಬಾಗಿರುತ್ತದೆ.

ಹುರುಳಿ_ಚೀಲ:
ಹೇಳದೆ ಕೇಳದೆ ಬೆಳಗ್ಗೆ ಬೇಗ ಹೋಗಿ ಅಣ್ಣಾ, ಇದೊಂದು ಮಾತು ನಡೆಸಿ. ನಾನು ಮೂರು ವರ್ಷದ ಹಿಂದೆ ಫೋನ್ ಮಾಡಿ ಸಂಜೆ ಹೋದೆ. ಕುದುರೆಗೆ ಆಗಲೇ ಮೈ ತಿಕ್ಕಿ, ನಾಲ್ಕು ಸುತ್ತು ಓಡಿಸಿ ಇಟ್ಟಿದ್ದರು, ಕುಣಿಯಿತು, ದುಡ್ಡು ಎಣಿಸಿಕೊಟ್ಟೆ. ಮನೆಗೆ ತಂದ ಮೂರನೇ ದಿನ ಮುಂದಿನ ಎಡಗಾಲು ಊರುವಾಗೆಲ್ಲ ತಲೆ ಮೇಲೆ ಎತ್ತುತ್ತಿತ್ತು, ಅಂದರೆ ಆ ಕಾಲು ಕುಂಟು. ಮಾರುವಾಗ ನೋವು ಕಾಣದ ಹಾಗೆ ಇಂಜೆಕ್ಷನ್ ಕೊಟ್ಟಿದ್ದಿರಬೇಕು ಅಂದರು ಡಾಕ್ಟರ್. ಪಾಪ, ಆ ಪ್ರಾಣಿಯದ್ದೇನು ತಪ್ಪು, ಇನ್ನೂ ನಮ್ಮಲ್ಲೇ ಇದೆ. ಮಾರಿದವರು ಮಾತ್ರ ಫೋನ್ ಎತ್ತಲಿಲ್ಲ.

ಹತ್ತಿರದವರಲ್ಲಿ ಕೊಳ್ಳುವ ದೊಡ್ಡ ಲಾಭ ಇದೇ, ಮೂರು ಸಲ ಬೇಕಾದರೂ ಹೋಗಿ ನೋಡಬಹುದು. ಲಾಯದಿಂದ ಹೊರಗೆ ಬರುವ ಮೊದಲ ಹತ್ತು ಹೆಜ್ಜೆ ನೋಡಿ, ಆಮೇಲೆ ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಓಡಿಸಿ.

ಪಶುವೈದ್ಯೆ_ಧಾರವಾಡ:
ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ಅನ್ನೋ ಅಂಟುರೋಗದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಇದಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ಬರುತ್ತದೆ, ಪಾಸಿಟಿವ್ ಬಂದ ಕುದುರೆಗೆ ಕಾನೂನಿನ ಪ್ರಕಾರ ದಯಾಮರಣವೇ ಗತಿ. ದುಡ್ಡು ಕೊಡುವ ಮೊದಲೇ ಸರ್ಕಾರಿ ಪಶುವೈದ್ಯರಿಂದ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇರುವುದೇ ಇಂಥ ಕೆಲಸಕ್ಕೆ. ರಿಪೋರ್ಟ್ ನೋಡುವಾಗ ಕುದುರೆಯ ಚರ್ಮದಡಿ ಹಾಕಿದ ಮೈಕ್ರೋಚಿಪ್ ನಂಬರ್ ತಾಳೆ ಮಾಡಿ, ಬೇರೆ ಕುದುರೆಯ ಕಾಗದ ತೋರಿಸಿಬಿಡುತ್ತಾರೆ. ನಿಮ್ಮ ಓಟದ ಕುದುರೆಗಳ ಪಕ್ಕದಲ್ಲಿ ಹೊಸದನ್ನು ತಕ್ಷಣ ಕಟ್ಟಬೇಡಿ. ಬಕೆಟ್, ಬ್ರಷ್ ಕೂಡ ಬೇರೆ ಇರಲಿ.

ಗೋಕಾಕ_ಸವಾರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಆರಕ್ಕೇ ಹೇಳದೆ ಹೋದೆವು. ನಡಿಗೆ ಚೆನ್ನಾಗಿದೆ, ಕುಂಟು ಇಲ್ಲ. ಆದರೆ ಬಾಯಿ ಬಿಡಿಸಿದರೆ ಕೆಳಗಡೆ ನಡುವೆ ಒಂದು ಅಗಲ ಹಲ್ಲು ಆಗಲೇ ಒಸಡು ಸೀಳಿ ಮೇಲೆ ಬಂದಿದೆ, ಪಕ್ಕದ್ದು ಅಲ್ಲಾಡುತ್ತಿದೆ. ಹಾಲುಹಲ್ಲು ಅಂದಿದ್ದರಲ್ಲ, ಅಪ್ಪ ಏನೂ ಮಾತಾಡದೆ ಮಾರುವವರ ಮುಖ ನೋಡಿದರು. ಅವರೇ ಬೆಲೆ ಇಳಿಸುವ ಮಾತು ತೆಗೆದರು. ರಕ್ತದ ರಿಪೋರ್ಟ್, ಪಾಸ್‌ಪೋರ್ಟ್ ಎರಡೂ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಕೊಡಲ್ಲ ಅಂದಿದ್ದೇನೆ, ಒಪ್ಪಿದ್ದಾರೆ. ಬರುವಾಗ ಅದು ನನ್ನ ತೋಳಿಗೆ ಮೂಗು ಒತ್ತಿ ಬಿಸಿ ಉಸಿರು ಬಿಟ್ಟಿತು. ಹಿತ್ತಲಲ್ಲಿ ಬೇರೆ ಲಾಯ ಹಾಕಿಸುತ್ತಿದ್ದೇನೆ. ನೆಲಕ್ಕೆ ಮಣ್ಣು ಒಳ್ಳೆಯದಾ, ಇಲ್ಲ ರಬ್ಬರ್ ಮ್ಯಾಟ್ ಹಾಕಿಸಲಾ?