ಅಪ್‌ಡೇಟ್: ಬೆಳಗಿನ ಟೈರ್ ಲೈಟ್ ಕಥೆ

ಚಿಕ್ಕಬಳ್ಳಾಪುರದ ಚಳಿಗೆ ದಿನಾ ಬೆಳಿಗ್ಗೆ ಕಾರಿನ ಟೈರ್ ಪ್ರೆಷರ್ ಲೈಟ್ ಹತ್ತುತ್ತೆ, ದೇವನಹಳ್ಳಿ ದಾಟೋ ಹೊತ್ತಿಗೆ ತಾನೇ ಆರುತ್ತೆ, ಪಂಚರ್ರಾ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ತಪ್ಪು ಅರ್ಧ ನನ್ನದೇ. ಬೆಂಗಳೂರಿಂದ ಬರ್ತಾ ಮಧ್ಯಾಹ್ನ ಬಿಸಿ ಟೈರಿಗೆ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಗಾಳಿ ಹೊಡೆಸ್ತಿದ್ದೆ. ನಿನ್ನೆ ಬೆಳಿಗ್ಗೆ ಆರಕ್ಕೆ, ಗಾಡಿ ತೆಗೆಯೋ ಮೊದಲೇ ಗೇಜ್ ಇಟ್ಟು ನೋಡಿದರೆ ಮೂರು ಟೈರಲ್ಲಿ 28, ಮುಂದಿನ ಎಡಗಡೆಯದರಲ್ಲಿ 24! ಐದಾರು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತಂತೆ. ಓಡಿಸಿದಾಗ ಟೈರ್ ಕಾದು ಮತ್ತೆ ಏರುತ್ತೆ, ಅದಕ್ಕೇ ಲೈಟ್ ಆರ್ತಿದ್ದದ್ದು.

ಆದರೆ ಚಳಿ ನಾಲ್ಕೂ ಟೈರಿಗೆ ಒಂದೇ ತಾನೇ? ಆ ಒಂದರಲ್ಲಿ ಮಾತ್ರ 24 ಯಾಕೆ? ಪಂಚರ್ ಅಂಗಡಿಯ ಅಣ್ಣ ವಾಲ್ವ್ ಮೇಲೆ ಸೋಪು ನೀರು ಬಿಟ್ಟರು, ಸಣ್ಣಗೆ ಗುಳ್ಳೆ ಎದ್ದವು. ವಾಲ್ವ್ ಪಿನ್ ಬದಲಾಯಿಸಿದರು, ಐದು ನಿಮಿಷದ ಕೆಲಸ.

ಮಾಮೂಲಿ ಗಾಳಿ ಬದಲು ನೈಟ್ರೋಜನ್ ಹಾಕಿಸಿ ಅಂದವರಿಗೆ: ತಣ್ಣಗಾದರೆ ಅದೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ, ಹಾಕಿಸಲಿಲ್ಲ.

ಇವತ್ತು ತಣ್ಣಗಿದ್ದಾಗಲೇ, ಡ್ರೈವರ್ ಬಾಗಿಲ ಸ್ಟಿಕರ್‌ನಲ್ಲಿರೋ 33ಕ್ಕೆ ನಾಲ್ಕೂ ತುಂಬಿಸಿದೆ. ಏಪ್ರಿಲ್ ಬಿಸಿಲಿಗೆ ಮತ್ತೆ ನೋಡಬೇಕು. ಸ್ಟೆಪ್ನಿ ನೋಡೋದು ಮರೆತೇ ಹೋಯ್ತು, ನಾಳೆ ನೋಡ್ತೀನಿ.